ಪಕ್ಕದವನು ತೇಲುತ್ತಾನೆ ಎಂದು ನೀವು ಇಳಿಯಬೇಡಿ
ಚೆನ್ನೈ ಕಡಲತೀರಕ್ಕೆ ಬರುವ ಕನ್ನಡಿಗರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಎಲ್ಲರ ಮೈಯೂ ಒಂದೇ ರೀತಿ ತೇಲುವುದಿಲ್ಲ. ಒಂದು ಲೀಟರ್ ಸಿಹಿನೀರಿನ ತೂಕ ಒಂದು ಕಿಲೋ. ಅಷ್ಟೇ ಗಾತ್ರದ ಕೊಬ್ಬು ಸುಮಾರು 900 ಗ್ರಾಂ ತೂಗುತ್ತದೆ, ಸ್ನಾಯು ಸುಮಾರು 1,060 ಗ್ರಾಂ. ಮೂಳೆ ಇನ್ನೂ ಭಾರ. ಹಾಗಾಗಿ ಮೈಯಲ್ಲಿ ಕೊಬ್ಬು ಹೆಚ್ಚಿರುವವರು ಸುಲಭವಾಗಿ ತೇಲುತ್ತಾರೆ. ಸಣಕಲು ಮೈಯವರು, ಜಿಮ್ಮಿನಲ್ಲಿ ಮೈ ಹುರಿಗೊಳಿಸಿದ ಹುಡುಗರು ಬೇಗ ತಗ್ಗುತ್ತಾರೆ. ಎದೆತುಂಬ ಉಸಿರಿದ್ದಾಗ ತೇಲುವ ಮನುಷ್ಯ, ಉಸಿರು ಪೂರ್ತಿ ಬಿಟ್ಟರೆ ಮುಳುಗಬಹುದು.

ಸಮುದ್ರದ ಉಪ್ಪುನೀರು ಸಿಹಿನೀರಿಗಿಂತ ಶೇ. 2.5ರಷ್ಟು ಮಾತ್ರ ಹೆಚ್ಚು ಆಸರೆ ಕೊಡುತ್ತದೆ. ಸೆಳವಿನ ಎದುರು ಅದು ಯಾವ ಲೆಕ್ಕಕ್ಕೂ ಇಲ್ಲ. ಮರೀನಾ ಬೀಚಿನಲ್ಲಿ ಒಳಸೆಳೆತ ಜೋರಾಗಿರುವುದರಿಂದಲೇ ಅಲ್ಲಿ ಸ್ನಾನ, ಈಜು ಎರಡಕ್ಕೂ ನಿಷೇಧವಿದೆ. ಮುಳುಗಿದವರ ಮಿದುಳಿಗೆ ಕೆಲವೇ ನಿಮಿಷ ಆಮ್ಲಜನಕ ತಪ್ಪಿದರೆ ಸಾವು, ಇಲ್ಲವೇ ಬದುಕಿಡೀ ಉಳಿಯುವ ಹಾನಿ.

ಮಾಡಬೇಕಾದ್ದು

*ಈಜುಕೊಳದಲ್ಲಿ*

- ನಿಮ್ಮ ಮೈ ತೇಲುತ್ತದೆಯೇ ಎಂಬುದನ್ನು ಈಜುಕೊಳದಲ್ಲೇ ಪರೀಕ್ಷಿಸಿ.
- ಕೋಚ್ ಪಕ್ಕದಲ್ಲಿರುವಾಗ ಮಾತ್ರ, ಎದೆಮಟ್ಟದ ನೀರಿನಲ್ಲಿ ಮಾಡಿ.
- ಎದೆತುಂಬ ಉಸಿರೆಳೆದು ಅಂಗಾತ ಮಲಗಿ.
- ಕಿವಿ ನೀರಿನೊಳಗೆ ಇರುವಷ್ಟು ತಲೆಯನ್ನು ಹಿಂದಕ್ಕೆ ಬಿಡಿ.
- ಕಾಲು ತಗ್ಗಿದರೆ ಕೈಗಳನ್ನು ನೀರಿನೊಳಗೇ ತಲೆಯ ಆಚೆಗೆ ಚಾಚಿ. ಭಾರ ಎದೆಯ ಕಡೆ ಸರಿದು ಕಾಲು ಏಳುತ್ತದೆ.
- ಉಸಿರನ್ನು ಬೇಗ ಬಿಟ್ಟು, ಕೂಡಲೇ ಮತ್ತೆ ತುಂಬಿಕೊಳ್ಳಿ.
- ಆದರೂ ಮೈ ತಗ್ಗಿದರೆ ಅಂಗೈಗಳನ್ನು ಸೊಂಟದ ಪಕ್ಕದಲ್ಲಿ ಎಡಬಲ ಬೀಸುವುದನ್ನು ಕಲಿಯಿರಿ. ನಿಮ್ಮಂಥ ಮೈಯವರಿಗೆ ಅದೇ ಆಸರೆ.

*ಕಡಲತೀರದಲ್ಲಿ*

- ಪೊಲೀಸರು, ಜೀವರಕ್ಷಕರು ವಿಸಿಲ್ ಊದಿದ ಕೂಡಲೇ ಹಿಂದೆ ಬನ್ನಿ.
- ಮಕ್ಕಳ ಕೈಯನ್ನು ಒದ್ದೆ ಮರಳು ಶುರುವಾಗುವ ಮೊದಲೇ ಹಿಡಿಯಿರಿ.
- ದೋಣಿ ಹತ್ತುವ ಮುಂಚೆ ಅಳತೆಗೆ ಸರಿಯಾದ ಲೈಫ್ ಜಾಕೆಟ್ ತೊಟ್ಟು, ಎಲ್ಲ ಪಟ್ಟಿಗಳನ್ನೂ ಬಿಗಿಯಿರಿ.

*ಸೆಳವಿಗೆ ಸಿಕ್ಕರೆ*

- ಅಂಗಾತ ತಿರುಗಿ, ಬಾಯಿ ಮೂಗು ಮಾತ್ರ ಮೇಲಿಟ್ಟು ತೇಲಿ.
- ಒಂದೇ ಕೈ ಎತ್ತಿ ಸನ್ನೆ ಮಾಡಿ.
- "ಕಾಪ್ಪಾತ್ತುಂಗ" (ಕಾಪಾಡಿ) ಎಂದು ಕೂಗಿ. ದಡದಲ್ಲಿರುವ ಮೀನುಗಾರರಿಗೆ ತಮಿಳು ಥಟ್ಟನೆ ತಿಳಿಯುತ್ತದೆ.
- ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳವು ಬಿಟ್ಟ ಮೇಲೆ ದಡದತ್ತ ತಿರುಗಿ.

ಮಾಡಬಾರದ್ದು

- ಸಮುದ್ರದಲ್ಲಿ ತೇಲುವುದು ಸುಲಭ ಎಂದು ಅಲ್ಲಿ ಈಜು ಕಲಿಯುವುದು ಬೇಡ.
- ಮರೀನಾದಲ್ಲಿ ಮೊಣಕಾಲುಮಟ್ಟದ ನೀರಿಗೂ ಇಳಿಯುವುದು ಬೇಡ. ಮರಳುವ ಅಲೆ ಕಾಲಡಿಯ ಮರಳನ್ನೇ ಎಳೆದೊಯ್ಯುತ್ತದೆ.
- ಅಲೆ ಒಡೆಯುವ ಬಿಳಿ ನೊರೆಯನ್ನು ನಂಬಬಾರದು. ಗಾಳಿ ಬೆರೆತ ನೀರು ಮೈಯನ್ನು ಎತ್ತಿ ಹಿಡಿಯುವುದಿಲ್ಲ.
- ದಪ್ಪಗಿರುವವರಿಗೆ ಅಪಾಯವಿಲ್ಲ ಎಂದುಕೊಳ್ಳಬಾರದು. ತೇಲುವ ಮೈಯನ್ನೂ ಸೆಳವು ಒಯ್ಯುತ್ತದೆ.
- ಸಮುದ್ರದಲ್ಲಿ ತೇಲಿದ ಧೈರ್ಯದಲ್ಲಿ ಕೆರೆಗೆ, ನೀರು ತುಂಬಿದ ಕಲ್ಲು ಕ್ವಾರಿಗೆ ಹಾರುವುದು ಬೇಡ. ಸಿಹಿನೀರಿನ ಆಸರೆ ಕಡಿಮೆ.
- ಗಾಬರಿಯಲ್ಲಿ ತಲೆಯನ್ನು ನೀರಿನಿಂದ ಮೇಲಕ್ಕೆತ್ತಬಾರದು. ತಲೆಯ ನಾಲ್ಕೈದು ಕಿಲೋ ಭಾರ ಮೈಯನ್ನು ಕೆಳಕ್ಕೆ ಒತ್ತುತ್ತದೆ.
- ಎರಡೂ ಕೈ ಮೇಲೆತ್ತಬಾರದು.
- ಸೆಳವಿನ ಎದುರಿಗೆ ನೇರವಾಗಿ ದಡದತ್ತ ಈಜಬಾರದು. ದಡ ತಲುಪುವ ಮೊದಲೇ ತ್ರಾಣ ಮುಗಿಯುತ್ತದೆ.
- ಸೀರೆ, ಪಂಚೆ, ಜೀನ್ಸ್ ತೊಟ್ಟು ನೀರಿಗೆ ಇಳಿಯುವುದು ಬೇಡ. ಕಾಲಿಗೆ ಸುತ್ತಿಕೊಳ್ಳುತ್ತದೆ.
- ಟ್ಯೂಬು, ಗಾಳಿ ತುಂಬಿದ ಆಟಿಕೆ ಕೊಟ್ಟು ಮಕ್ಕಳನ್ನು ನೀರಿಗೆ ಬಿಡಬಾರದು.
- ಕೊಚ್ಚಿಹೋದ ಚಪ್ಪಲಿ, ಚೆಂಡು, ಮೊಬೈಲಿನ ಹಿಂದೆ ಹೋಗುವುದು ಬೇಡ.
- ಕುಡಿದು ನೀರಿನ ಹತ್ತಿರ ಹೋಗುವುದು ಬೇಡ.
- ನೀರಿನೊಳಗೆ ಉಸಿರು ಕಟ್ಟುವ ಪಂದ್ಯ ಬೇಡ. ನೀರಿನಡಿಯಲ್ಲೇ ಎಚ್ಚರ ತಪ್ಪುತ್ತದೆ.
- ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಹಿಂಗಾರು ಮಳೆಯ ಕಾಲದಲ್ಲಿ, ಯಾವ ತೀರದಲ್ಲೂ ಅಲೆಯ ಜೊತೆ ಆಟ ಬೇಡ.
- ಪೊಂಗಲ್ ಹಬ್ಬದ ಕೊನೆಯ ದಿನವಾದ ಕಾಣುಂ ಪೊಂಗಲ್‌ನಂದು ಪೊಲೀಸರು ಕಟ್ಟಿದ ತಡೆಬೇಲಿ ದಾಟಬಾರದು.

ಬೇರೆಯವರು ಮುಳುಗುತ್ತಿದ್ದರೆ

- ಬರಿಗೈಯಲ್ಲಿ ಹಾರಬಾರದು. ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನಲ್ಲಿರುವ ಬಿಳಿ ಸ್ಮಾರಕ ಷ್ಮಿಟ್ ಎಂಬ ಡೇನಿಷ್ ನಾವಿಕನದು. 1930ರ ಡಿಸೆಂಬರ್ 30ರಂದು ಇತರರ ಜೀವ ಉಳಿಸಲು ನೆರವಾಗುತ್ತ, ಆ ಜಾಗದ ಹತ್ತಿರದಲ್ಲೇ ಆತ ಮುಳುಗಿ ಸತ್ತ.
- ಹಗ್ಗ, ಖಾಲಿ ಕ್ಯಾನು, ಮುಚ್ಚಳ ಬಿಗಿದ ದೊಡ್ಡ ನೀರಿನ ಬಾಟಲಿ, ತೇಲುವ ಯಾವುದನ್ನಾದರೂ ಎಸೆಯಿರಿ.
- ಜೀವರಕ್ಷಕರನ್ನು, ಮೀನುಗಾರರನ್ನು ಕೂಗಿ ಕರೆಯಿರಿ.
- 112ಕ್ಕೆ ಕರೆ ಮಾಡಿ. ಆಂಬುಲೆನ್ಸಿಗೆ 108.
- ಮುಳುಗಿದ ಜಾಗದ ಮೇಲಿಂದ ಕಣ್ಣು ತೆಗೆಯಬಾರದು.
- ದಡಕ್ಕೆ ತಂದವರ ಹೊಟ್ಟೆ ಒತ್ತಬಾರದು.
- ಕಾಲು ಹಿಡಿದು ತಲೆಕೆಳಗೆ ಮಾಡಬಾರದು.
- ಉಸಿರಾಟ ನಿಂತಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ.
- ನಂತರ ಎದೆಯ ನಡುವೆ 30 ಸಲ ಒತ್ತಿ, ಎರಡು ಸಲ ಉಸಿರು ಕೊಡಿ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120.
- ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು.
- ಕಣ್ಣುಬಿಟ್ಟು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಒಳಹೋದ ನೀರು ಗಂಟೆಗಳ ನಂತರವೂ ಉಸಿರಾಟಕ್ಕೆ ತೊಂದರೆ ಕೊಡಬಹುದು.