ಹೊಳೆಗಲ್ಲಿನ ಒಕ್ಕಲುಗಳು

ಕಡಲ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವವರು ಅದರ ತಳದಲ್ಲಿ ಒಂದು ಬಗೆಯ ರಂಧ್ರಮಯವಾದ ಕಲ್ಲನ್ನು ಇಡುವುದುಂಟು. ಸತ್ತ ಹವಳದಿಂದಾದ ಈ ಕಲ್ಲಿಗೆ ‘ಜೀವಂತ ಕಲ್ಲು’ ಎಂದು ಹೆಸರು. ಕಲ್ಲಿಗೇನೂ ಜೀವವಿಲ್ಲ, ಅದರ ಬಿರುಕು ಬಿಲಗಳಲ್ಲಿ ಅಡಗಿದ ಪ್ರಾಣಿಗಳಿಗೆ ಜೀವವಿದೆ. ಬಿರುಗೂದಲಿನ ಹುಳು, ಬೆರಳ ತುದಿಯಷ್ಟು ದೊಡ್ಡದಾದ ಏಡಿ, ಹೂವಿನಂತೆ ಅರಳಿ ಮುಟ್ಟಿದವರನ್ನು ಕುಟುಕುವ ಕಡಲ ಅನಿಮೊನಿ ಮೊದಲಾದವು ಕರೆಯದೆ ಬಂದ ನೆಂಟರಂತೆ ಕಲ್ಲಿನೊಡನೆಯೇ ತೊಟ್ಟಿಯನ್ನು ಸೇರುತ್ತವೆ. ಇವುಗಳಲ್ಲಿ ಉಪಕಾರಿ ಯಾವುದು, ಮೀನಿಗೆ ಮೃತ್ಯುವಾಗುವುದು ಯಾವುದು ಎಂದು ಗುರುತಿಸುವುದೇ ಅಂಥವರ ಮೊದಲ ಪಾಠ.

ಈ ಪಾಠವನ್ನು ಕಲಿಯಲು ಕಡಲಿಗೇ ಹೋಗಬೇಕೆಂದಿಲ್ಲ. ತುಂಗಭದ್ರೆಯ ದಡವೂ ಸಾಕು. ತುಂಗೆ ಮತ್ತು ಭದ್ರೆಯರು ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿಯನ್ನು ಹಾಯ್ದು, ಹರಿಹರಕ್ಕೆ ಬರುತ್ತಾರೆ. ಹರಿಹರದ ಎದುರು ದಡದಲ್ಲಿರುವ ಊರೇ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ. 1956ರ ಏಕೀಕರಣಕ್ಕೆ ಮೊದಲು ಇಲ್ಲಿ ಹೊಳೆಯೇ ಎರಡು ಆಡಳಿತಗಳ ಗಡಿಯಾಗಿತ್ತು: ಆ ದಡ ಮೈಸೂರು, ಈ ದಡ ಮುಂಬಯಿ. ನೀರಿನೊಳಗಿನ ಜೀವಿಗಳಿಗೆ ಈ ಗಡಿಯ ಗೊಡವೆ ಇರಲಿಲ್ಲ.

ಬೇಸಿಗೆಯಲ್ಲಿ ಹೊಳೆ ಇಳಿದಾಗ, ನೀರು ಕಲ್ಲುಗಳ ಮೇಲೆ ಸದ್ದುಮಾಡುತ್ತ ಹರಿಯುವ ಕಡೆ, ಮೊಣಕಾಲಿಗಿಂತ ಕಡಿಮೆ ಆಳದಲ್ಲಿ ಒಂದು ಕಲ್ಲನ್ನು ಮೆಲ್ಲನೆ ಎತ್ತಿ ಅದರ ಅಡಿಮಗ್ಗುಲನ್ನು ನೋಡಬೇಕು. ಮೊದಲ ನೋಟಕ್ಕೆ ಕಾಣುವುದು ಪಾಚಿ ಮತ್ತು ಕೆಸರು ಮಾತ್ರ. ಅರೆಗಳಿಗೆ ತಾಳಿದರೆ ಕೆಸರೇ ಹರಿದಾಡತೊಡಗುತ್ತದೆ. ಕಲ್ಲನ್ನು ಬಿಳಿಯ ತಟ್ಟೆಯ ನೀರಿನಲ್ಲಿ ತೊಳೆದು ಭೂತಗನ್ನಡಿಯಿಂದ ನೋಡಿದರೆ ಒಂದೊಂದರ ರೂಪವೂ ಸ್ಪಷ್ಟವಾಗುತ್ತದೆ.

ಚಪ್ಪಟೆ ಮೈಯ, ಬಾಲದ ತುದಿಯಲ್ಲಿ ಸಾಮಾನ್ಯವಾಗಿ ಮೂರು ಎಳೆಗಳುಳ್ಳ ಜೀವಿ ಮೇಫ್ಲೈ ಎಂಬ ಕೀಟದ ಮರಿ. ಇದರ ಹೊಟ್ಟೆಯ ಎರಡು ಪಕ್ಕಗಳಲ್ಲಿ ಎಲೆಯಂಥ ಕಿವಿರುಗಳು ಎಡೆಬಿಡದೆ ಅಲುಗುತ್ತವೆ. ತಿಂಗಳುಗಟ್ಟಲೆ ನೀರಿನಲ್ಲಿ ಬೆಳೆದು ರೆಕ್ಕೆ ಪಡೆದ ಮೇಲೆ ಇದರ ಆಯುಷ್ಯ ಕೆಲವು ಗಂಟೆಗಳಿಂದ ಒಂದೆರಡು ದಿನಗಳವರೆಗೆ ಮಾತ್ರ. ಆಗ ಅದು ಏನನ್ನೂ ತಿನ್ನುವುದಿಲ್ಲ. ತಿನ್ನಲು ಬಾಯಿಯೇ ಕೆಲಸಕ್ಕೆ ಬಾರದು. ರೆಕ್ಕೆ ಬಂದ ಮೇಲೂ ಇನ್ನೊಮ್ಮೆ ಪೊರೆ ಕಳಚುವ ಕೀಟ ಇಂದು ಜಗತ್ತಿನಲ್ಲಿ ಇದೊಂದೇ. ಇದನ್ನೇ ಹೋಲುವ, ಆದರೆ ಎರಡೇ ಬಾಲದೆಳೆಗಳೂ ಕಾಲಿನ ತುದಿಯಲ್ಲಿ ಎರಡೆರಡು ಉಗುರುಗಳೂ ಉಳ್ಳ ಮರಿ ಸಿಕ್ಕಿದರೆ ಅದು ಸ್ಟೋನ್‌ಫ್ಲೈ. ಮಲೆನಾಡಿನ ತಣ್ಣನೆಯ ತೊರೆಗಳೇ ಇದಕ್ಕೆ ಪ್ರಿಯ. ಬಯಲುಸೀಮೆಯ ಹೊಳೆಯಲ್ಲಿ ಇದು ವಿರಳ.

ಕಲ್ಲಿಗೆ ಮರಳಿನ ಕಣಗಳ ಸಣ್ಣ ಕೊಳವೆ ಅಂಟಿಕೊಂಡಿದ್ದರೆ ಅದು ಕ್ಯಾಡಿಸ್ ಹುಳುವಿನ ಮನೆ. ತನ್ನ ಬಾಯಿಂದ ಹೊರಡುವ ರೇಷ್ಮೆಯಂಥ ನೂಲಿನಿಂದ ಮರಳನ್ನು ಬಿಗಿದು ಅದು ಈ ಮನೆಯನ್ನು ಕಟ್ಟುತ್ತದೆ. ಇದರ ದಾಯಾದಿಗಳಲ್ಲಿ ಕೆಲವು ಕೊಳವೆಯ ಗೋಜಿಗೆ ಹೋಗದೆ ಹರಿವಿಗೆ ಅಡ್ಡಲಾಗಿ ಬಲೆ ನೇಯ್ದು, ತೇಲಿಬಂದ ಆಹಾರವನ್ನು ಹಿಡಿಯುತ್ತವೆ. ಹೊಳೆಯಲ್ಲಿ ಬಲೆ ಬೀಸುವ ವಿದ್ಯೆಯನ್ನು ಬೆಸ್ತರಿಗಿಂತ ಬಹು ಹಿಂದೆಯೇ ಕಲಿತವು ಇವು! ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟದ ಮರಿಯೂ ಇಲ್ಲಿಯೇ ಅವಿತಿದ್ದು, ಮಡಿಸಿಟ್ಟ ಕೆಳದುಟಿಯನ್ನು ಥಟ್ಟನೆ ಚಾಚಿ ಬೇಟೆಯಾಡುತ್ತದೆ. ಹಸಿರು ಬಣ್ಣದ ಒರಟು ಲೇಪದಂತೆ ಕಾಣುವುದು ಕೆಲವೊಮ್ಮೆ ಪಾಚಿಯಲ್ಲ, ಸಿಹಿನೀರಿನ ಸ್ಪಂಜು ಎಂಬ ಪ್ರಾಣಿ. ಹೊಳೆ ಬತ್ತಿದರೆ ಸ್ಪಂಜು ಸಾಯುತ್ತದೆ. ಆದರೆ ಅದು ಬಿಟ್ಟುಹೋದ ಗಟ್ಟಿ ಕವಚದ ಮೊಗ್ಗುಗಳು ಮಳೆಗಾಲದವರೆಗೆ ಕಾದಿದ್ದು ಮತ್ತೆ ಚಿಗುರುತ್ತವೆ. ಜಿಗಣೆ ಮತ್ತು ಬಸವನಹುಳುಗಳನ್ನು ಯಾರೂ ಬಲ್ಲರು.

ಇವೆಲ್ಲಕ್ಕಿಂತ ಸೋಜಿಗದ್ದು ಹೊಳೆಯ ಕಪ್ಪೆಚಿಪ್ಪಿನ ಬಾಳು. ಚಿಪ್ಪಿನೊಳಗಿನ ಮೆದುಮೈಯ ಪ್ರಾಣಿ ಪ್ರವಾಹಕ್ಕೆ ಎದುರಾಗಿ ಈಜಲಾರದು. ಆದರೂ ಮೇಲ್ಹೊಳೆಯಲ್ಲಿ ಅದರ ಸಂತತಿ ಅಳಿಯದೆ ಉಳಿದಿದೆ. ತಾಯಿ ಹೊರಬಿಟ್ಟ ಸೂಕ್ಷ್ಮ ಮರಿಗಳು ಹಾಯ್ದುಹೋಗುವ ಮೀನಿನ ಕಿವಿರಿಗೋ ಈಜುರೆಕ್ಕೆಗೋ ಕಚ್ಚಿಕೊಂಡು, ಕೆಲವು ದಿನ ಅಥವಾ ವಾರಗಳ ಕಾಲ ಅದರ ಮೈಮೇಲೆಯೇ ಸವಾರಿ ಮಾಡಿ, ಬಲಿತ ಮೇಲೆ ತಳಕ್ಕೆ ಉದುರುತ್ತವೆ. ಮೀನಿಲ್ಲದ ಹೊಳೆಯಲ್ಲಿ ಹಳೆಯ ಚಿಪ್ಪುಗಳು ಕೆಲವು ವರ್ಷ ಉಳಿದಾವು, ಹೊಸವು ಹುಟ್ಟಲಾರವು.

ಮೀನಿಲ್ಲದ ಹೊಳೆ ಎಂಬುದು ಈ ಭಾಗದವರಿಗೆ ಬರಿಯ ಕಲ್ಪನೆಯಲ್ಲ. 1970ರ ದಶಕದಲ್ಲಿ ಕುಮಾರಪಟ್ಟಣದಲ್ಲಿ ಮರದಿಂದ ತಿರುಳನ್ನೂ, ತಿರುಳಿನಿಂದ ಕೃತಕ ನೂಲಿನ ಎಳೆಯನ್ನೂ ತಯಾರಿಸುವ ಕಾರ್ಖಾನೆಗಳು ನೆಲೆಗೊಂಡವು. ಸಾವಿರಾರು ಜನರಿಗೆ ಅನ್ನ ದೊರೆಯಿತು. ಆದರೆ 1980ರ ದಶಕದಲ್ಲಿ ಕೆಳಹೊಳೆಯ ಹಳ್ಳಿಗಳಲ್ಲಿ ಸತ್ತ ಮೀನುಗಳು ತೇಲಿದವು. ಕಾರ್ಖಾನೆಯ ತ್ಯಾಜ್ಯವೇ ಇದಕ್ಕೆ ಕಾರಣವೆಂದು ಬೆಸ್ತರೂ ರೈತರೂ ದೂರಿದರು. ಸಮಾಜ ಪರಿವರ್ತನ ಸಮುದಾಯವು ಅವರ ಪರವಾಗಿ ಚಳವಳಿ ನಡೆಸಿ ನ್ಯಾಯಾಲಯದ ಮೊರೆಹೊಕ್ಕಿತು. ಜಲಮಾಲಿನ್ಯ ತಡೆಯ ಕಾನೂನು ದೇಶದಲ್ಲಿ 1974ರಲ್ಲಿಯೇ ಬಂದಿತ್ತು. ಕಾನೂನು ಇರುವುದು ಬೇರೆ, ಹೊಳೆಯ ತನಕ ಅದು ನಡೆದುಬರುವುದು ಬೇರೆ.

ಮೀನು ಸಾಯಲು ವಿಷವೇ ಬೇಕೆಂದಿಲ್ಲ. ಮರದ ಅಂಶವಾಗಲಿ, ಊರಿನ ಚರಂಡಿಯ ಕೊಳೆಯಾಗಲಿ ನೀರಿಗೆ ಸೇರಿದಾಗ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಆ ಆಮ್ಲಜನಕವೋ ಮೊದಲೇ ಅತ್ಯಲ್ಪ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಹಿಡಿದಿಡಬಲ್ಲುದು ಸುಮಾರು 9 ಮಿಲಿಗ್ರಾಂ. 30 ಡಿಗ್ರಿಯಲ್ಲಿ ಏಳೂವರೆಯಷ್ಟು. ಮೀನುಗಾರಿಕೆಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕೆಂಬುದು ನಮ್ಮ ದೇಶದ ಮಾನ. ಬೇಸಿಗೆಯಲ್ಲಿ ನೀರು ಕಡಿಮೆ, ಬಿಸಿಲು ಹೆಚ್ಚು, ಕೊಳೆ ಮಾತ್ರ ಅಷ್ಟೇ. ಆದುದರಿಂದಲೇ ಅಪಾಯವೆಲ್ಲ ಆ ತಿಂಗಳುಗಳಲ್ಲಿ ಬಂದು ನಿಲ್ಲುತ್ತದೆ.

ಮೀನು ತೇಲುವುದಕ್ಕೆ ಮುಂಚೆಯೇ ಕಲ್ಲಿನ ಒಕ್ಕಲು ಬದಲಾಗುತ್ತದೆ. ಆಮ್ಲಜನಕ ಇಳಿದಂತೆ ಸ್ಟೋನ್‌ಫ್ಲೈ ಮತ್ತು ಬಹುಪಾಲು ಮೇಫ್ಲೈ ಮರಿಗಳು ಮೊದಲು ಕಾಣೆಯಾಗುತ್ತವೆ, ಅನಂತರ ಕ್ಯಾಡಿಸ್. ಗಾಳಿಯನ್ನೇ ಉಸಿರಾಡಬಲ್ಲ ಕೆಲವು ಬಸವನಹುಳುಗಳು ಮತ್ತು ಜಿಗಣೆಗಳು ಇನ್ನಷ್ಟು ಕಾಲ ತಾಳುತ್ತವೆ. ಕೊನೆಗೆ ಉಳಿಯುವುವು ಕೆಸರಿನಲ್ಲಿ ವಾಸಿಸುವ ಕೈರೊನಮಸ್ ನೊಣದ ಕೆಂಪು ಹುಳುಗಳು ಮತ್ತು ಬಾಲವನ್ನು ಮೇಲೆತ್ತಿ ಆಡಿಸುವ ಟ್ಯೂಬಿಫೆಕ್ಸ್ ಹುಳುಗಳು. ಇವುಗಳ ಕೆಂಪಿಗೆ ಕಾರಣ ಮನುಷ್ಯನ ರಕ್ತದಲ್ಲಿರುವಂಥ ಹಿಮೊಗ್ಲೋಬಿನ್. ಅದರ ನೆರವಿನಿಂದ ಅವು ಇದ್ದಷ್ಟು ಆಮ್ಲಜನಕವನ್ನೇ ಹಿಂಡಿಕೊಳ್ಳುತ್ತವೆ. ಶುದ್ಧವಾದ ಹೊಳೆಯಲ್ಲಿ ಜಾತಿಗಳು ಹಲವು, ಒಂದೊಂದರ ಸಂಖ್ಯೆ ಮಿತ. ಕೆಟ್ಟ ಹೊಳೆಯಲ್ಲಿ ಜಾತಿಗಳು ಎರಡೋ ಮೂರೋ, ಸಂಖ್ಯೆ ಮಾತ್ರ ಲೆಕ್ಕವಿಲ್ಲದಷ್ಟು. ಆದಕಾರಣ ಹುಳುಗಳು ತುಂಬ ಇವೆ, ಹೊಳೆ ಚೆನ್ನಾಗಿದೆ ಎಂಬ ತೀರ್ಮಾನ ಸಲ್ಲದು.

ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ ಎಂಬ ವಿಜ್ಞಾನಿಗಳು 1908–09ರಲ್ಲಿಯೇ ಈ ಬಗೆಯ ಜೀವಿಗಳನ್ನು ಕೊಳೆಯ ಪ್ರಮಾಣಕ್ಕೆ ತಕ್ಕಂತೆ ವರ್ಗೀಕರಿಸಿದರು. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯೂ ಜೀವಿಗಳ ಕುಟುಂಬಗಳಿಗೆ ಅಂಕ ನೀಡಿ, ನೀರನ್ನು ಐದು ದರ್ಜೆಗಳಾಗಿ ವಿಂಗಡಿಸುವ ಕ್ರಮವನ್ನು ರೂಪಿಸಿದೆ. ಇದರ ಹಿರಿಮೆ ಇಷ್ಟೆ: ಸೀಸೆಯಲ್ಲಿ ತುಂಬಿದ ನೀರು ತುಂಬಿದ ಗಳಿಗೆಯ ಸುದ್ದಿಯನ್ನು ಮಾತ್ರ ಹೇಳಬಲ್ಲುದು. ರಾತ್ರಿ ಹರಿದ ಕೊಳೆ ಬೆಳಗಾಗುವಷ್ಟರಲ್ಲಿ ಹತ್ತಾರು ಮೈಲಿ ಸಾಗಿರುತ್ತದೆ. ಕಲ್ಲಿನ ಮೇಲಿನ ಮರಿಯಾದರೋ ತಿಂಗಳುಗಟ್ಟಲೆ ಅಲ್ಲಿಯೇ ಇದ್ದು ಎಲ್ಲವನ್ನೂ ಸಹಿಸಿದ ಸಾಕ್ಷಿ.

ಸಾಕ್ಷಿಯ ಮಾತನ್ನು ಅರ್ಥಮಾಡಿಕೊಳ್ಳುವಲ್ಲಿ ಎಚ್ಚರ ಬೇಕು. ಮೇಫ್ಲೈ ಇಲ್ಲವೆಂದ ಮಾತ್ರಕ್ಕೆ ಕಾರ್ಖಾನೆಯನ್ನೋ ಚರಂಡಿಯನ್ನೋ ದೂರುವಂತಿಲ್ಲ. ಹೊಸದಾಗಿ ನೆರೆ ಬಂದು ಹೋಗಿರಬಹುದು. ಮರಳು ತೆಗೆದು ತಳವೇ ಕದಡಿರಬಹುದು. ನೀರು ನಿಂತ ಮಡುವಿನಲ್ಲಿ ಹರಿವನ್ನು ಬಯಸುವ ಜೀವಿಗಳು ಸಹಜವಾಗಿಯೇ ಇರುವುದಿಲ್ಲ. ಕೊಳೆ ಸೇರುವ ಸ್ಥಳದ ಮೇಲೊಂದು, ಕೆಳಗೊಂದು ಎಡೆಯನ್ನು ಆರಿಸಿ, ಎರಡರಲ್ಲಿಯೂ ಆಳ, ಹರಿವು, ಕಲ್ಲುಗಳ ಗಾತ್ರ ಒಂದೇ ತೆರನಾಗಿರುವಂತೆ ನೋಡಿಕೊಂಡು, ಒಂದೇ ದಿನ ಪರೀಕ್ಷಿಸಬೇಕು. ಕಂಡುದನ್ನು ತಾರೀಖಿನೊಡನೆ ಬರೆದಿಡಬೇಕು. ಪರೀಕ್ಷೆ ಮುಗಿದ ಮೇಲೆ ತಟ್ಟೆಯ ಜೀವಿಗಳನ್ನು ಹೊಳೆಗೆ ಬಿಟ್ಟು, ಕಲ್ಲನ್ನು ಎತ್ತಿದ ಜಾಗದಲ್ಲಿಯೇ, ಮೊದಲಿನ ಅಡಿಮಗ್ಗುಲು ಅಡಿಗೇ ಬರುವಂತೆ ಇಡಬೇಕು. ಮಗುಚಿ ಬಿಟ್ಟರೆ ಅದರ ನೆರಳನ್ನು ನಂಬಿದ ಮರಿಗಳು ಬಿಸಿಲಿಗೂ ಮೀನಿನ ಬಾಯಿಗೂ ಸಿಕ್ಕುತ್ತವೆ.