ಬುಷ್ ಬಿಗಿಯಬೇಕಾದದ್ದು ಗಾಡಿ ನೆಲಕ್ಕಿಳಿದ ಮೇಲೆ

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ ಬೋರಾಮಣಿಯನ್ನು ಹಾದುಹೋಗುತ್ತದೆ. ಹೆದ್ದಾರಿಯ ಮೇಲಿರುವಷ್ಟು ಹೊತ್ತು ಕಾರಿನ ಅಡಿಭಾಗಕ್ಕೆ ಅಂಥ ಕಷ್ಟವೇನಿಲ್ಲ. ಅಲ್ಲಿಂದ ಅಕ್ಕಲಕೋಟೆ ಕಡೆಯ ಒಳದಾರಿ ಹಿಡಿದರೆ ಕಥೆ ಬೇರೆ. ಇದು ಎರೆ ಸೀಮೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣಿನ ಮೇಲೆ ಹಾಸಿದ ಡಾಂಬರು ಬಹಳ ದಿನ ಸಮನಾಗಿ ನಿಲ್ಲುವುದಿಲ್ಲ. ಅಲೆಯಂತೆ ಏಳುತ್ತದೆ, ಅಂಚು ಕುಸಿಯುತ್ತದೆ. ಅದರ ಮೇಲೆ ಕಬ್ಬಿನ ಹಂಗಾಮಿನ ಟ್ರಾಲಿಗಳ ಭಾರ, ಊರಿಗೊಂದು ಎಂಬಂತೆ ಅಳತೆಗೆಟ್ಟ ಸ್ಪೀಡ್ ಬ್ರೇಕರ್. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು ರಬ್ಬರನ್ನು ಒಣಗಿಸಿ ಗಡಸು ಮಾಡುತ್ತದೆ. ಹೀಗಾಗಿ ಈ ಭಾಗದ ಕಾರುಗಳಲ್ಲಿ ಸಸ್ಪೆನ್ಶನ್ ಬುಷ್‌ಗಳು ಬೇಗ ಕೈಕೊಟ್ಟರೆ ಆಶ್ಚರ್ಯಪಡಬೇಕಾಗಿಲ್ಲ. ಆಶ್ಚರ್ಯವಾಗಬೇಕಾದದ್ದು, ಹೊಸದಾಗಿ ಹಾಕಿಸಿದ ಬುಷ್ ಕೆಲವೇ ತಿಂಗಳಲ್ಲಿ ಮತ್ತೆ ಹರಿದಾಗ. ಆಗ ದೂರು ಹೋಗುವುದು ರಸ್ತೆಯ ಮೇಲೆ, ಇಲ್ಲವೇ ಸ್ಪೇರ್ ಪಾರ್ಟ್ ಕಂಪನಿಯ ಮೇಲೆ. ಹಲವು ಸಲ ತಪ್ಪು ಎರಡರದ್ದೂ ಅಲ್ಲ, ನಟ್ ಬಿಗಿದ ಹೊತ್ತಿನದು.

ಇದು ತಿಳಿಯಬೇಕಾದರೆ ಬುಷ್ ಎಂಬ ಸಣ್ಣ ವಸ್ತುವನ್ನು ಕೈಯಲ್ಲಿ ಹಿಡಿದು ನೋಡಬೇಕು. ಹೊರಗೊಂದು ಉಕ್ಕಿನ ಬಳೆ, ಒಳಗೊಂದು ಉಕ್ಕಿನ ಕೊಳವೆ, ನಡುವೆ ಎರಡಕ್ಕೂ ಬಿಸಿಯಲ್ಲಿ ಬೆಸೆದ ರಬ್ಬರು. ಹೊರಬಳೆ, ಚಕ್ರವನ್ನು ಚೌಕಟ್ಟಿಗೆ ಜೋಡಿಸುವ ಲೋವರ್ ಆರ್ಮಿನ ಕಣ್ಣಿನೊಳಗೆ ಬಿಗಿಯಾಗಿ ಕೂತಿರುತ್ತದೆ. ಒಳಕೊಳವೆಯನ್ನು ಬೋಲ್ಟು ಗಾಡಿಯ ಚೌಕಟ್ಟಿಗೆ ಕಚ್ಚಿಸುತ್ತದೆ. ಚಕ್ರ ಮೇಲೆ ಕೆಳಗೆ ಆಡಿದಾಗ ಕೊಳವೆಯೂ ತಿರುಗುವುದಿಲ್ಲ, ಬಳೆಯೂ ಜಾರುವುದಿಲ್ಲ. ನಡುವಿನ ರಬ್ಬರು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಎತ್ತಿನ ಬಂಡಿಯ ಗಾಲಿಯ ಗುಂಬ ಅಚ್ಚಿನ ಮೇಲೆ ಉಜ್ಜಿ ತಿರುಗುತ್ತದೆ, ಅದಕ್ಕೆ ಕೀಲೆಣ್ಣೆ ಬೇಕು. ಬುಷ್ಷಿನಲ್ಲಿ ಉಜ್ಜುವ ಜಾಗವೇ ಇಲ್ಲ, ಆದ್ದರಿಂದ ಎಣ್ಣೆಗೆ ಅಲ್ಲಿ ಕೆಲಸವೂ ಇಲ್ಲ. ಅಂಬಾಸಿಡರ್, ಪದ್ಮಿನಿ ಕಾಲದ ಗಾಡಿಗಳಲ್ಲಿ ಗ್ರೀಸ್ ಹೊಡೆಯುವ ಕೀಲುಗಳಿದ್ದವು. ಆ ರೂಢಿಯಿಂದಲೋ ಏನೋ, ಸದ್ದು ಬಂದೊಡನೆ ಡೀಸೆಲ್ಲೋ ಹಳೇ ಆಯಿಲ್ಲೋ ಎರಚುವವರು ಇನ್ನೂ ಇದ್ದಾರೆ. ಎರಡು ದಿನ ಸದ್ದು ನಿಲ್ಲಬಹುದು. ಆದರೆ ಪೆಟ್ರೋಲಿಯಂ ಎಣ್ಣೆ ಕುಡಿದ ರಬ್ಬರು ಉಬ್ಬಿ, ಮೆತ್ತಗಾಗಿ, ಬೆಸುಗೆ ಬಿಡುತ್ತದೆ.

ಹಾಗಿದ್ದರೆ ಬುಷ್ ಹೋಗಿದೆ ಎಂದು ಗುರುತಿಸುವುದು ಹೇಗೆ? ಸದ್ದೊಂದನ್ನೇ ನಂಬಬಾರದು. ಸಣ್ಣ ಕಲ್ಲುಗಳ ಮೇಲೆ ಕಟಕಟ ಎಂದರೆ ಅದು ಹೆಚ್ಚಾಗಿ ಸ್ಟೆಬಿಲೈಸರ್ ಲಿಂಕ್. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಕಿರುಗುಟ್ಟಿದರೆ ಸ್ಟ್ರಟ್ಟಿನ ಮೇಲಿನ ಮೌಂಟ್ ಮೇಲೆ ಅನುಮಾನಪಡಬೇಕು. ಬ್ರೇಕ್ ತುಳಿದಾಗ ಧಡ್ ಎಂದು ಒಂದೇ ಸದ್ದು, ಗಾಡಿ ಒಂದು ಕಡೆಗೆ ಎಳೆಯುವುದು, ಟೈರಿನ ಒಳಅಂಚು ಮಾತ್ರ ಸವೆಯುವುದು, ಈ ಮೂರರಲ್ಲಿ ಎರಡು ಕಂಡರೆ ಲೋವರ್ ಆರ್ಮಿನ ಬುಷ್ ನೋಡಲೇಬೇಕು, ಅದರಲ್ಲೂ ಹಿಂದಿನ ದೊಡ್ಡದನ್ನು. ನೋಡುವ ರೀತಿ ಸರಳ. ಒಬ್ಬರು ಗಾಡಿಯಲ್ಲಿ ಕೂತು ಅಂಗುಲ ಅಂಗುಲವಾಗಿ ಹಿಂದೆ ಮುಂದೆ ಸರಿಸಿ ಬ್ರೇಕ್ ಒತ್ತಲಿ. ಇನ್ನೊಬ್ಬರು ಗಾಡಿಯ ಪಕ್ಕದಿಂದ, ದೂರ ನಿಂತು, ಟಾರ್ಚ್ ಹಿಡಿದು ಆರ್ಮ್ ಎಷ್ಟು ಸರಿಯುತ್ತದೆ ಎಂದು ನೋಡಲಿ. ಆಮೇಲೆ ಗಾಡಿ ನಿಲ್ಲಿಸಿ, ಉದ್ದ ಸಲಾಕೆಯಿಂದ ಆರ್ಮನ್ನು ಮೆಲ್ಲಗೆ ಮೀಟಿ. ರಬ್ಬರಿನ ಮೇಲ್ಮೈಯಲ್ಲಿ ಕಾಣುವ ಕೂದಲೆಳೆ ಬಿರುಕು ವಯಸ್ಸಿನ ಗುರುತು ಅಷ್ಟೇ, ಅದಕ್ಕೆ ಹೆದರಿ ದುಡ್ಡು ಸುರಿಯಬೇಕಾಗಿಲ್ಲ. ಮೀಟಿದಾಗ ಬಿರುಕು ಬಾಯಿ ತೆರೆದು ಒಳಗಿನ ಉಕ್ಕು ಕಂಡರೆ, ಅಥವಾ ಕೊಳವೆ ನಡುವಿನಿಂದ ಸರಿದು ಒಂದು ಬದಿಗೆ ಕೂತಿದ್ದರೆ, ಅದರ ಆಯಸ್ಸು ಮುಗಿದಿದೆ.

ಬುಷ್ ಮಾತ್ರ ಹಾಕಿಸಬೇಕೋ, ಇಡೀ ಆರ್ಮನ್ನೇ ಬದಲಿಸಬೇಕೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬುಷ್ಷಿನ ಬೆಲೆ ನೂರರ ಲೆಕ್ಕ, ಆರ್ಮಿನದು ಸಾವಿರದ ಲೆಕ್ಕ. ಆದರೆ ಬುಷ್ ತೆಗೆದು ಕೂರಿಸಲು ಪ್ರೆಸ್ ಬೇಕು, ಕೂಲಿ ಬೇಕು. ಎಷ್ಟೋ ಕಾರುಗಳ ಬಾಲ್ ಜಾಯಿಂಟ್ ಆರ್ಮಿಗೇ ಸೇರಿಕೊಂಡಿರುತ್ತದೆ. ಆ ಜಾಯಿಂಟಿನ ರಬ್ಬರು ಟೋಪಿ ಹರಿದು ಮಣ್ಣು ಸೇರಿದ್ದರೆ, ಅಥವಾ ಆರ್ಮ್ ಯಾವುದೋ ತಗ್ಗಿಗೆ ಬಿದ್ದು ಬಾಗಿದ್ದರೆ, ಬುಷ್ ಮಾತ್ರ ಹಾಕುವುದು ಉಳಿತಾಯವಲ್ಲ. ಜಾಯಿಂಟ್ ಗಟ್ಟಿಯಿದ್ದರೆ ಬುಷ್ ಸಾಕು. ಎಡ ಬಲ ಎರಡನ್ನೂ ಒಟ್ಟಿಗೇ ಬದಲಿಸಿ. ಒಂದು ಕಡೆ ಗಡುಸು, ಇನ್ನೊಂದು ಕಡೆ ಸಡಿಲವಾದರೆ ಗಾಡಿ ನೇರ ಓಡದು. ರಬ್ಬರಿನ ಬದಲು ಪಾಲಿಯುರೆಥೇನ್ ಹಾಕಿಸಿ, ಜೀವಮಾನ ಬಾಳುತ್ತದೆ ಎನ್ನುವವರೂ ಇದ್ದಾರೆ. ಅದು ಬಾಳಿಕೆ ಬರುವುದು ನಿಜ. ಆದರೆ ಅದರಲ್ಲಿ ಕೊಳವೆ ನಿಜಕ್ಕೂ ಜಾರುತ್ತದೆ, ಅದಕ್ಕೇ ಗೊತ್ತುಮಾಡಿದ ಗ್ರೀಸ್ ಬೇಕು, ಧೂಳು ಹೊಕ್ಕರೆ ಕಿರುಗುಟ್ಟುತ್ತದೆ. ಗಡಸಾದ್ದರಿಂದ ತಗ್ಗಿನ ಪೆಟ್ಟು ಸೀಟಿನವರೆಗೂ ಬರುತ್ತದೆ. ರೇಸ್ ಓಡಿಸುವವರಿಗೆ ಅದು ಸರಿ. ಗುರುವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಸ್ವಾಮಿ ಸಮರ್ಥರ ದರ್ಶನಕ್ಕೆ ಅಕ್ಕಲಕೋಟೆಗೆ ಹೋಗುವ ಕಾರಿಗೆ ಕಂಪನಿಯ ರಬ್ಬರೇ ಹಿತ.

ಸ್ವತಃ ಮಾಡುವವರು ಮೊದಲು ನೆಲ ನೋಡಬೇಕು. ಎರೆ ಮಣ್ಣಿನ ಅಂಗಳದಲ್ಲಿ ಜ್ಯಾಕ್ ಮೆಲ್ಲಗೆ ಹೂತು ವಾಲುತ್ತದೆ. ಕಾಂಕ್ರೀಟ್ ನೆಲವಿಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಗಾಡಿಯ ಜೊತೆ ಕೊಟ್ಟ ಜ್ಯಾಕ್ ಎತ್ತುವುದಕ್ಕೆ ಮಾತ್ರ. ಹೊರುವುದಕ್ಕೆ ಜ್ಯಾಕ್ ಸ್ಟ್ಯಾಂಡ್ ಬೇಕು, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಬೇಕು. ಇಟ್ಟಿಗೆ ಪೇರಿಸಿ ಅದರ ಕೆಳಗೆ ಮಲಗುವವರಿಗೆ ಈ ಲೇಖನದಲ್ಲಿ ಹೇಳುವಂಥದ್ದೇನೂ ಇಲ್ಲ. ಜ್ಯಾಕ್ ಏರಿಸುವ ಮುನ್ನ ಇನ್ನೊಂದು ಕೆಲಸ: ಗಾಡಿ ಸಮನೆಲದಲ್ಲಿ ನಿಂತಿರುವಾಗ ಚಕ್ರದ ನಟ್ಟ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಅಳೆದು, ಎರಡೂ ಬದಿಯ ಅಳತೆ ಬರೆದಿಡಿ. ಕೊನೆಗೆ ಇದೇ ಅಳತೆ ಬೇಕಾಗುತ್ತದೆ.

ಬಿಚ್ಚುವ ಕೆಲಸ ಗಾಡಿಯಿಂದ ಗಾಡಿಗೆ ಬೇರೆ, ಆದರೆ ಕ್ರಮ ಹೆಚ್ಚುಕಡಿಮೆ ಒಂದೇ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ. ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡಿಗೆ ಕೂರಿಸಿ. ಒಂದನ್ನೇ ಎತ್ತಿದರೆ ಸ್ಟೆಬಿಲೈಸರ್ ಸರಳು ತಿರುಚಿಕೊಂಡು ಲಿಂಕ್ ಬಿಚ್ಚುವಾಗ ಸಿಡಿಯುತ್ತದೆ. ಚಕ್ರ ತೆಗೆದು, ಲಿಂಕ್ ಬಿಚ್ಚಿ, ಬಾಲ್ ಜಾಯಿಂಟ್ ಕಳಚಿ. ಕೆಲವು ಗಾಡಿಗಳಲ್ಲಿ ಅದನ್ನು ಅಡ್ಡ ಬೋಲ್ಟು ಹಿಡಿದಿರುತ್ತದೆ, ಕೆಲವದರಲ್ಲಿ ಪುಲ್ಲರ್ ಬೇಕು. ಕಳಚಿದ ಮೇಲೆ ಚಕ್ರದ ಹಬ್ಬನ್ನು ಹೊರಕ್ಕೆ ಜಗ್ಗಬೇಡಿ, ಡ್ರೈವ್ ಶಾಫ್ಟಿನ ಒಳಜಾಯಿಂಟ್ ಕಿತ್ತುಬಂದೀತು. ಆಮೇಲೆ ಆರ್ಮಿನ ಬೋಲ್ಟುಗಳು. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು ಬಿಡಿ. ಹಳೇ ರಬ್ಬರು ಹೋಗುವುದೇ ಇರುವುದರಿಂದ ಅಲ್ಲಿ ಎಣ್ಣೆಯ ಭಯವಿಲ್ಲ.

ಆರ್ಮ್ ಕೈಗೆ ಬಂದ ಮೇಲೆ ಅದನ್ನು ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ಯುವುದೇ ಜಾಣತನ. ಸುತ್ತಿಗೆಯಿಂದ ಬಡಿದು ಕೂರಿಸಿದ ಬುಷ್ಷಿನ ಹೊರಬಳೆ ಮೊಟ್ಟೆಯಾಕಾರಕ್ಕೆ ತಿರುಗಬಹುದು. ಹಳೆಯದನ್ನು ಬೆಂಕಿ ಹಚ್ಚಿ ಸುಡುವ ರೂಢಿಯೂ ಕೆಟ್ಟದ್ದು. ಹೊಗೆ ವಿಷ, ಕಾವಿಗೆ ಆರ್ಮಿನ ಬಣ್ಣ, ಬಾಲ್ ಜಾಯಿಂಟಿನ ಗ್ರೀಸ್ ಎರಡೂ ಹಾಳು. ಪ್ರೆಸ್ಸಿಗೆ ಕೊಡುವ ಮುನ್ನ ಹಳೇ ಬುಷ್ ಕೂತಿರುವ ದಿಕ್ಕನ್ನು ಬಣ್ಣದಿಂದ ಆರ್ಮಿನ ಮೇಲೆ ಗುರುತು ಹಾಕಿ. ಎಷ್ಟೋ ಬುಷ್‌ಗಳ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಖಾಲಿ ಜಾಗಗಳಿರುತ್ತವೆ, ಒಂದು ದಿಕ್ಕಿಗೆ ಮೆತ್ತಗೆ, ಇನ್ನೊಂದು ದಿಕ್ಕಿಗೆ ಗಟ್ಟಿ. ದಿಕ್ಕು ತಪ್ಪಿದರೆ ಹೊಸ ಬುಷ್ ಹಳೆಯದಕ್ಕಿಂತ ಬೇಗ ಹರಿದೀತು. ಒತ್ತಡ ಬೀಳಬೇಕಾದದ್ದು ಹೊರಬಳೆಯ ಮೇಲೆ. ಒಳಕೊಳವೆಯನ್ನು ಒತ್ತಿದರೆ ಬೆಸುಗೆ ಅಲ್ಲೇ ಬಿಟ್ಟುಹೋಗುತ್ತದೆ.

ಈಗ ಮುಖ್ಯ ಮಾತು. ಆರ್ಮನ್ನು ಮತ್ತೆ ಜೋಡಿಸಿ ಬೋಲ್ಟುಗಳನ್ನು ಕೈಬಿಗಿಗೆ ಬಿಡಿ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗ ಪೂರ್ತಿ ಬಿಗಿದರೆ, ಒಳಕೊಳವೆ ಆ ನೇತಾಡುವ ಕೋನದಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಕೆಳಗಿಳಿಸಿದ ಕೂಡಲೇ ರಬ್ಬರು ತಿರುಚಿಕೊಳ್ಳುತ್ತದೆ, ನಿಂತಲ್ಲೂ ಓಡುವಾಗಲೂ ಹಾಗೇ ಇರುತ್ತದೆ. ಪ್ರತಿ ತಗ್ಗಿನ ಪೆಟ್ಟೂ ಆ ತಿರುಚಿನ ಮೇಲೆ ಹೆಚ್ಚುವರಿ. ಆದ್ದರಿಂದ ಬಾಲ್ ಜಾಯಿಂಟಿನ ಹತ್ತಿರ, ಆರ್ಮಿನ ಕೆಳಗೆ ಇನ್ನೊಂದು ಜ್ಯಾಕ್ ಕೊಟ್ಟು ಮೆಲ್ಲಗೆ ಎತ್ತಿ, ಮೊದಲೇ ಬರೆದಿಟ್ಟ ಅಳತೆ ಬರುವವರೆಗೆ. ಅಳತೆ ಬರುವ ಮೊದಲೇ ಗಾಡಿ ಸ್ಟ್ಯಾಂಡಿನಿಂದ ಏಳಲು ನೋಡಿದರೆ ಅಲ್ಲಿಗೇ ನಿಲ್ಲಿಸಿ. ಆ ಎತ್ತರದಲ್ಲಿ ಟಾರ್ಕ್ ಪಾನಾದಿಂದ, ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿ ಹೇಳಿದಷ್ಟು ಬಿಗಿಯಿರಿ. ಲಾಕ್ ನಟ್ಟುಗಳು ಹೊಸವೇ ಇರಲಿ.

ಲಿಫ್ಟಿನ ಮೇಲೇ ಬಿಗಿದು ಕೊಡುತ್ತೇವೆ, ಏನೂ ಆಗಿಲ್ಲ ಎಂದು ಹೇಳುವ ಮೆಕ್ಯಾನಿಕ್‌ಗಳು ಸುಳ್ಳು ಹೇಳುತ್ತಿಲ್ಲ. ಆ ದಿನ ಏನೂ ಆಗುವುದಿಲ್ಲ. ಗಾಡಿ ಸದ್ದಿಲ್ಲದೆ ಹೋಗುತ್ತದೆ. ಆರು ತಿಂಗಳಿಗೆ ಹರಿದು ಬಂದಾಗ ಮಾತ್ರ ಕಾರಣ ಯಾರಿಗೂ ನೆನಪಿರುವುದಿಲ್ಲ. ಹಾಗೆ ಬೇಗ ಹೋದ ಬುಷ್ಷನ್ನು ಎಸೆಯದೆ ಒಮ್ಮೆ ಅದುಮಿ ನೋಡಿ. ರಬ್ಬರು ಇನ್ನೂ ಮೆತ್ತಗೆ, ಕಪ್ಪಗೆ, ಹೊಸದರಂತಿದ್ದು ಒಳಕೊಳವೆಯ ಸುತ್ತ ಮಾತ್ರ ಕಿತ್ತುಬಂದಿದ್ದರೆ, ಬಿಸಿಲನ್ನೋ ವಯಸ್ಸನ್ನೋ ದೂರುವಂತಿಲ್ಲ. ವಿಚಿತ್ರವೆಂದರೆ ಈ ಒಂದು ಕೆಲಸಕ್ಕೆ ಹೊಳೆಯುವ ಎರಡು ಕಂಬದ ಲಿಫ್ಟಿಗಿಂತ ಹಳೇ ಗ್ಯಾರೇಜಿನ ಗುಂಡಿಯೇ ಮೇಲು: ಗುಂಡಿಯ ಮೇಲೆ ಗಾಡಿ ತನ್ನ ನಾಲ್ಕು ಚಕ್ರದ ಮೇಲೇ ನಿಂತಿರುತ್ತದೆ. ಬೊಲೆರೋದಂಥ ಗಾಡಿಗಳ ಹಿಂದಿನ ಪಾಟಾ ಸ್ಪ್ರಿಂಗಿನ ರಬ್ಬರು ಬುಷ್‌ಗಳಿಗೂ ಇದೇ ನಿಯಮ.

ಎಲ್ಲವನ್ನೂ ಮನೆಯಲ್ಲಿ ಮಾಡಲಾಗದು. ಸ್ಟೆಬಿಲೈಸರ್ ಸರಳಿನ ಸೀಳು ಬುಷ್ ಅನೇಕ ಗಾಡಿಗಳಲ್ಲಿ ಎರಡು ಬೋಲ್ಟಿನ ಕೆಲಸ, ಹೊಸಬರು ಅಲ್ಲಿಂದ ಶುರುಮಾಡಬಹುದು. ಹಿಂದಿನ ಆಕ್ಸಲಿನ ಬುಷ್, ಎಂಜಿನ್ ಹೊತ್ತ ಸಬ್‌ಫ್ರೇಮ್ ಇಳಿಸಬೇಕಾದ ಕೆಲಸ, ಇವನ್ನು ಗ್ಯಾರೇಜಿಗೆ ಬಿಡಿ. ಗ್ಯಾರೇಜಿಗೆ ಕೊಡುವಾಗ ದರ ಕೇಳುವ ಮೊದಲು, ಕೊನೆಯ ಬಿಗಿತ ಚಕ್ರ ನೆಲದ ಮೇಲಿದ್ದಾಗ ಮಾಡುತ್ತೀರಾ ಎಂದು ಕೇಳಿ. ಹಳೇ ಬುಷ್ ವಾಪಸು ಕೊಡಿ ಎನ್ನಿ. ಕೆಲಸ ಮುಗಿದ ಮೇಲೆ ವ್ಹೀಲ್ ಅಲೈನ್‌ಮೆಂಟ್ ಆಗಲೇಬೇಕು, ಏಕೆಂದರೆ ಹಿಂದೆ ಮಾಡಿಸಿದ್ದ ಹೊಂದಾಣಿಕೆ ಸಡಿಲ ಬುಷ್ಷಿಗೆ ತಕ್ಕಂತೆ ಮಾಡಿದ್ದು. ಹೊಂದಾಣಿಕೆಗೆ ಮೊದಲಿನ ಮತ್ತು ಆಮೇಲಿನ ಅಂಕಿಗಳನ್ನು ಯಂತ್ರ ಮುದ್ರಿಸಿದ ಚೀಟಿಯನ್ನು ಕೇಳಿ ಪಡೆಯಿರಿ. ಹಸಿರು ಗೆರೆಯೊಳಗೆ ಬಂತು ಎಂಬ ಬಾಯಿಮಾತಿಗಿಂತ, ಎಡ ಬಲ ಚಕ್ರಗಳ ಕ್ಯಾಂಬರ್ (ಒಳಹೊರಗಿನ ವಾಲಿಕೆ) ಅಂಕಿಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಎಂಬುದನ್ನು ನೋಡಿ; ಅಲ್ಲಿ ದೊಡ್ಡ ಅಂತರ ಉಳಿದಿದ್ದರೆ ಬಾಗಿದ ಆರ್ಮೋ ಸ್ಟ್ರಟ್ಟೋ ಇನ್ನೂ ಗಾಡಿಯಲ್ಲೇ ಇರಬಹುದು, ಹಣ ಎಣಿಸುವ ಮೊದಲೇ ಅದನ್ನು ಹುಡುಕಿಸಿ.