ಕೂಗಿಲ್ಲದ ಏಲಂ, ಮತ್ತು ಅದರಲ್ಲಿ ಯೌವನಸ್ಥರ ಕೆಲಸ

ಸುಗ್ಗಿಯ ಹಬ್ಬದ ದಿವಸ ಆರಾಧನೆ ತೀರಿದ ಬಳಿಕ ದೇವಾಲಯದ ಅಂಗಳದಲ್ಲಿ ಏಲಂ ಕೂಗುವ ಪದ್ಧತಿಯು ನಮ್ಮ ಸೀಮೆಯ ಸಭೆಗಳಲ್ಲಿ ಹಳೆಯದು. ಒಬ್ಬರು ತಮ್ಮ ಬೆಳೆಯ ಪ್ರಥಮ ಫಲವನ್ನು ತಂದೊಪ್ಪಿಸುವರು, ಇನ್ನೊಬ್ಬರು ಅದನ್ನು ಕೊಂಡುಕೊಳ್ಳುವರು, ಬಂದ ಹಣವು ಬಡವರ ನಿಧಿಗೆ ಸೇರುವದು. ಇದರಲ್ಲಿ ಸಂತೋಷವುಂಟು, ನಗೆಯೂ ಉಂಟು. ಆದರೆ ಕೆಲವು ವರುಷಗಳ ಹಿಂದೆ ನಾನು ಕಣ್ಣಾರೆ ಕಂಡದ್ದನ್ನು ಹೇಳದೆ ಈ ಪಾಠವನ್ನು ಆರಂಭಿಸಲಾರೆನು. ಒಬ್ಬ ಮುದುಕಿಯು ತನ್ನ ಹಿತ್ತಲಿನ ಕುಂಬಳಕಾಯಿಯನ್ನು ತಂದಿದ್ದಳು. ಅವಳ ನೆರೆಯವನಾದ ಕೂಲಿಯಾಳೊಬ್ಬನು ಅದಕ್ಕೆ ಐವತ್ತು ರೂಪಾಯಿ ಎಂದನು. ಏಲಂ ಕೂಗುವವನು ವಿನೋದಕ್ಕಾಗಿಯೇ "ಇಷ್ಟೇಯೋ?" ಎಂದು ಕೇಳಲು ಜನರು ನಕ್ಕರು, ಹಿಂದೆ ನಿಂತಿದ್ದ ಧನವಂತನೊಬ್ಬನು ಐನೂರು ಎಂದನು. ನಿಧಿಗೆ ಲಾಭವಾಯಿತು. ಕೂಲಿಯವನಾದರೋ ಆ ಮೇಲೆ ಯಾವದಕ್ಕೂ ಬಾಯಿ ತೆರೆಯಲಿಲ್ಲ. ಮುದುಕಿಯು ಯಾರ ಮುಖವನ್ನು ನೋಡಬೇಕೆಂದು ತಿಳಿಯದೆ ಸೆರಗನ್ನು ಸರಿಪಡಿಸಿಕೊಳ್ಳುತ್ತಾ ಕೂತಿದ್ದಳು.

ಇದರ ತರುವಾಯವೇ ನಮ್ಮ ಯೌವನಸ್ಥರು ಮೌನ ಏಲಂ ಎಂಬ ಕ್ರಮವನ್ನು ನಡಿಸಿ ನೋಡೋಣವೆಂದು ಕೇಳಿಕೊಂಡರು. ಅದು ಹೇಗಂದರೆ: ಪದಾರ್ಥಗಳನ್ನು ಮೇಜುಗಳ ಮೇಲಿಟ್ಟು, ಒಂದೊಂದರ ಮುಂದೆ ಒಂದು ಕಾಗದವನ್ನಿಡುವದು. ಕಾಗದದ ಮೇಲ್ಗಡೆ ಪದಾರ್ಥದ ಹೆಸರು, ಪೇಟೆಯ ಕ್ರಯ, ಆರಂಭದ ಬೆಲೆ, ಪ್ರತಿ ಸಾರಿ ಎಷ್ಟು ಏರಿಸಬೇಕೆಂಬ ಲೆಕ್ಕ, ಇವಿಷ್ಟೂ ಇರಬೇಕು. ಮುನ್ನೂರು ರೂಪಾಯಿ ಬಾಳುವ ಬಾಳೆಗೊನೆಗೆ ನೂರರಿಂದ ಆರಂಭಿಸಿ ಇಪ್ಪತ್ತಿಪ್ಪತ್ತಾಗಿ ಏರಿಸಬಹುದು. ಬಾಗಲಲ್ಲಿ ಪ್ರತಿ ಮನೆಗೆ ಒಂದು ಅಂಕೆಯುಳ್ಳ ಚೀಟಿಯನ್ನು ಕೊಡುವದು. ಬೆಲೆ ಬರೆಯುವವರು ಹೆಸರನ್ನು ಬರೆಯದೆ ಆ ಅಂಕೆಯನ್ನೇ ಬರೆಯತಕ್ಕದ್ದು. ಇದರಲ್ಲಿಯೇ ಈ ಕ್ರಮದ ತಿರುಳಿರುವದು. ಐವತ್ತು ಬರೆದ 23ನೆಯವನು ಯಾರು, ಐನೂರು ಬರೆದ 8ನೆಯವನು ಯಾರು ಎಂದು ಚೀಟಿ ಕೊಟ್ಟವನ ಹೊರತು ಒಬ್ಬರೂ ಅರಿಯರು. (ಮೌನ ಏಲಂ ಎಂಬ ಹೆಸರಿದ್ದರೂ ಹುಡುಗರು ಇರುವಲ್ಲಿ ಮೌನವಿರದು, ಅದಕ್ಕೆ ಬೇಸರಪಡಬೇಡಿರಿ.)

ಹದಿನೆಂಟು ವರುಷ ತುಂಬದವರು ತಾವಾಗಿ ಬೆಲೆ ಬರೆಯಬಾರದು, ತಂದೆತಾಯಿಗಳ ಅಂಕೆಯಿಂದಲೇ ಬರೆಯಬೇಕು. ಯಾಕಂದರೆ 1872ರ ಕರಾರು ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಕರು ಕರಾರು ಮಾಡಲು ಯೋಗ್ಯರಲ್ಲ. ಇನ್ನೊಂದು ಕಾನೂನನ್ನು ಯೌವನಸ್ಥರಿಗೆ ಬಿಡಿಸಿ ಹೇಳತಕ್ಕದ್ದು. 1930ರ ಸರಕು ಮಾರಾಟದ ಕಾಯಿದೆಯ 64ನೆಯ ಕಲಮಿಗನುಸಾರ, ಏಲಂ ಮುಗಿಯಿತೆಂದು ಪ್ರಕಟಿಸುವ ವರೆಗೆ ಬೆಲೆ ಕೇಳಿದವನು ತನ್ನ ಮಾತನ್ನು ಹಿಂದೆಗೆಯಬಹುದು. ಬೆಲೆ ಏರಿಸುವದಕ್ಕೋಸ್ಕರ ಮಾರುವವರ ಕಡೆಯವರು ಸುಳ್ಳು ಬೆಲೆ ಕೇಳಿದರೆ ಕೊಂಡವನು ಆ ಮಾರಾಟವನ್ನೇ ರದ್ದುಮಾಡಬಹುದು. ಇದು ದೂರದ ಮಾತಲ್ಲ. ಸಂಜೆಯಾಗುತ್ತಾ ಬಂದಾಗ, ಒಳ್ಳೇ ಕೋಳಿಯ ಮುಂದಿರುವ ಕಾಗದದಲ್ಲಿ ಬೆಲೆ ಏರದಿರುವದನ್ನು ಕಂಡು, ಬಡವರಿಗಾಗಿಯೇ ಅಲ್ಲವೇ ಎಂದು ಒಂದು ಹುಸಿ ಅಂಕೆಯನ್ನು ಬರೆಯುವ ಶೋಧನೆಯು ಮೇಜಿನ ಬಳಿ ನಿಂತ ಹುಡುಗನಿಗೆ ಬಂದೇ ಬರುವದು. ಧರ್ಮದ ಹೆಸರಿನಲ್ಲಿ ಮಾಡಿದ ಮೋಸವೂ ಮೋಸವೇ ಎಂದು ಮುಂಚಿತವಾಗಿ ಹೇಳಿರಿ.

ಮುಗಿಸುವ ಹೊತ್ತಿನಲ್ಲಿಯೇ ಜಗಳಗಳು ಹುಟ್ಟುವವು. ಹಿಂದೆ ಇಂಗ್ಲೆಂಡಿನಲ್ಲಿ ಮೇಣದಬತ್ತಿಯ ತುಂಡೊಂದನ್ನು ಹಚ್ಚಿ, ಅದು ಆರುವದಕ್ಕೆ ಮೊದಲು ಕಡೆಯದಾಗಿ ಕೂಗಿದವನಿಗೆ ಸರಕನ್ನು ಕೊಡುವ ಪದ್ಧತಿಯಿತ್ತು. ಲಂಡನಿನ ಸಾಮುವೇಲ್ ಪೀಪ್ಸ್ ಎಂಬವನು 1662ರಲ್ಲಿ ಹಡಗುಗಳ ಇಂಥ ಏಲಮನ್ನು ನೋಡಿ ತನ್ನ ದಿನಚರಿಯಲ್ಲಿ ಬರೆದದ್ದೇನಂದರೆ, ಬತ್ತಿ ಆರುವ ಕ್ಷಣದಲ್ಲಿ ಹೊಗೆಯು ಕೆಳಗಿಳಿಯುವದೆಂದು ಒಬ್ಬ ಜಾಣನು ಅರಿತುಕೊಂಡು, ಅದನ್ನೇ ನೋಡುತ್ತಾ ಕಡೆಯವನಾಗಿ ಕೂಗುತ್ತಿದ್ದನು. ನಮ್ಮ ಅಂಗಳದಲ್ಲಿಯೂ ಅಂಥ ಜಾಣರುಂಟು. ಗಡಿಯಾರವನ್ನು ನೋಡುತ್ತಾ ಲೇಖನಿಯನ್ನು ಕೈಯಲ್ಲೇ ಹಿಡಿದಿರುವರು. ಆದದರಿಂದ ಎಲ್ಲಾ ಮೇಜುಗಳನ್ನು ಒಮ್ಮೆಲೇ ಮುಚ್ಚದೆ ಒಂದೊಂದಾಗಿ ಗಂಟೆ ಬಾರಿಸಿ ಮುಚ್ಚಿರಿ. ಕಡೆಯ ಎರಡು ನಿಮಿಷಗಳೊಳಗೆ ಯಾರಾದರೂ ಬರೆದರೆ ಇನ್ನೆರಡು ನಿಮಿಷ ಕೊಡಿರಿ. ಬಳಿಕ ಮೇಜಿನ ಹುಡುಗನು ಕೊನೆಯ ಬೆಲೆಯ ಕೆಳಗೆ ಕೆಂಪು ಶಾಯಿಯಿಂದ ಗೆರೆಯೆಳೆದು ಅಂಕೆಯನ್ನು ಗಟ್ಟಿಯಾಗಿ ಓದಲಿ. ಗೆರೆ ಬಿದ್ದ ಮೇಲೆ ಸಭೆಯ ಹಿರಿಯನೇ ಕೇಳಿದರೂ ತಿದ್ದಬಾರದು.

ಈಗ ಹಣದ ಮಾತು. ಮೊದಲನೆಯ ವರುಷ ನಾವು ಹದಿನೇಳು ವರುಷದ ಒಬ್ಬ ಹುಡುಗನನ್ನು ಪೆಟ್ಟಿಗೆಯ ಬಳಿ ಒಬ್ಬನನ್ನೇ ಕೂರಿಸಿದೆವು. ಅವನ ಮೇಲೆ ನಮಗೆ ಅಷ್ಟು ಭರವಸವಿತ್ತು. ಲೆಕ್ಕ ನೋಡುವಾಗ ಆರುನೂರು ರೂಪಾಯಿ ಕಡಿಮೆ ಬಂತು. ಯಾರೂ ಏನೂ ಅನ್ನಲಿಲ್ಲ, ಆದರೆ ಎಲ್ಲರೂ ಅವನನ್ನು ನೋಡಿದರು, ನಾನೂ ನೋಡಿದೆನು. ಮರುದಿನ ಕಾಗದಗಳನ್ನು ತಿರಿಗಿ ಕೂಡಿಸಿದಾಗ 150 ಎಂದಿದ್ದನ್ನು 750 ಎಂದು ಓದಿದ್ದು ತಿಳಿದುಬಂತು. ಹಾಗೆ ಓದಿದವನು ನಾನೇ. ನಾನು ಅವನ ಮನೆಗೆ ಹೋಗಿ ಕ್ಷಮೆ ಬೇಡಿದೆನು, ಅವನು ನಗುತ್ತಲೇ ಮಾತಾಡಿದನು. ಆದರೂ ಮುಂದಿನ ಹಬ್ಬಕ್ಕೆ ಅವನು ಕೆಲಸಕ್ಕೆ ಬರಲಿಲ್ಲ.

ಯೆರೂಸಲೇಮಿನವರಿಗೋಸ್ಕರ ಕೂಡಿಸಿದ ಹಣದ ವಿಷಯದಲ್ಲಿ ಅಪೊಸ್ತಲನಾದ ಪೌಲನು ತಾನೊಬ್ಬನೇ ಭಾರ ವಹಿಸದೆ, ಯಾರೂ ತಪ್ಪು ಹೊರಿಸದ ಹಾಗೆ, ಸಭೆಗಳು ನೇಮಿಸಿದ ಸಹೋದರನನ್ನು ಜೊತೆಗೆ ಸೇರಿಸಿಕೊಂಡನೆಂದು ಎರಡನೆಯ ಕೊರಿಂಥ 8ನೆಯ ಅಧ್ಯಾಯದಲ್ಲಿ ಓದುತ್ತೇವೆ. ಪೌಲನಿಗೇ ಬೇಕಾದ ಈ ಆಶ್ರಯವನ್ನು ನಾವು ಒಬ್ಬ ಹುಡುಗನಿಗೆ ಕೊಡದೆ ಹೋದೆವು. ಈಗ ಹಣದ ಮೇಜಿಗೆ ಮೂವರು: ಒಬ್ಬಳು ರಸೀದಿ ಬರೆಯುವಳು, ಒಬ್ಬನು ಹಣ ತಕ್ಕೊಳ್ಳುವನು, ಸಭೆಯ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ನೋಡುವರು. ಬೆಲೆಯನ್ನು ಅಂಕೆಯಲ್ಲಿಯೂ ಅಕ್ಷರದಲ್ಲಿಯೂ ಬರೆಯುವದು. ಮೊಬೈಲಿನಿಂದ ಕಳುಹಿಸುವ ಹಣವು ಸಭೆಯ ಖಾತೆಗೇ ಹೋಗಬೇಕು, ಎಷ್ಟು ನಂಬಿಗಸ್ತನಾದರೂ ಒಬ್ಬ ಯೌವನಸ್ಥನ ಖಾತೆಗೆ ಬೇಡ. ಹಿರಿಯರು ನೋಡಲಿ, ಆದರೆ ಲೇಖನಿಯನ್ನು ಕಸಕೊಳ್ಳದಿರಲಿ; ಇದು ನಮ್ಮಂಥವರಿಗೆ ಕಷ್ಟವೇ ಸರಿ.

ತರುವದಕ್ಕೆ ಏನೂ ಇಲ್ಲದ ಯೌವನಸ್ಥರು ತಮ್ಮ ದುಡಿಮೆಯನ್ನೇ ಮೇಜಿನ ಮೇಲಿಡಬಹುದು. ಒಂದು ದಿವಸದ ತೋಟದ ಅಗೆತ, ಒಂದು ಮನೆಯ ಬೇಲಿ ಕಟ್ಟುವದು ಎಂದು ಬರೆದಿಟ್ಟ ಕಾಗದಗಳಿಗೆ ನಮ್ಮಲ್ಲಿ ಹಲಸಿನ ಹಣ್ಣಿಗಿಂತ ಹೆಚ್ಚು ಬೆಲೆ ಬಂತು.

ಯಾರೂ ಬೆಲೆ ಬರೆಯದ ಪದಾರ್ಥಗಳು ಪ್ರತಿ ವರುಷವೂ ಒಂದೆರಡು ಉಳಿಯುವವು. ಅವನ್ನು ತಂದವರ ಕೈಗೆ ಎಲ್ಲರೆದುರಿಗೆ ಹಿಂದಕ್ಕೆ ಕೊಡಬಾರದು. ಏಲಂ ಮುಗಿದ ಮೇಲೆ ಅವನ್ನು ಆರಂಭದ ಬೆಲೆಗೆ ಕೊಂಡುಕೊಳ್ಳಲು ಇಬ್ಬರು ಮೂವರು ಹಿಂದಿನ ದಿವಸವೇ ಒಪ್ಪಿಕೊಂಡಿರಲಿ. ಹೋದ ವರುಷ ಉಳಿದದ್ದು ಒಂದು ಸೋರೆಕಾಯಿ, ಒಂದು ಚಾಪೆ. ಚಾಪೆಯು ನಮ್ಮ ಮನೆಯಲ್ಲಿದೆ. ನೆಯ್ಗೆ ಚೆನ್ನಾಗಿಯೇ ಇದೆ.